ಹಳದಿಯಿಂದ ಕೆಂಪಿಗೆ: ಫಿಗ್ಮಾದಲ್ಲಿ ಕನ್ನಡ ಅಕ್ಷರಕ್ಕೆ ಗ್ರೇಡಿಯೆಂಟ್

ನವೆಂಬರ್ 1ರ ಪೋಸ್ಟರ್‌ಗೆ ‘ರಾಜ್ಯೋತ್ಸವ’ ಎಂದು ಬರೆಯಬೇಕು. ತಲೆಕಟ್ಟು ಹಳದಿಯಾಗಿ, ಒತ್ತಕ್ಷರ ಕೆಂಪಾಗಿ, ನಡುವೆ ಒಂದು ಬಣ್ಣ ಇನ್ನೊಂದರಲ್ಲಿ ಕರಗಿದಂತಿರಬೇಕು. ಹೀಗೆ ಕರಗುವ ಬಣ್ಣಕ್ಕೇ ಗ್ರೇಡಿಯೆಂಟ್ ಎನ್ನುವುದು. ಬ್ರೌಸರ್‌ನಲ್ಲೇ ತೆರೆಯುವ ವಿನ್ಯಾಸ ತಂತ್ರಾಂಶ ಫಿಗ್ಮಾದ ಉಚಿತ ಖಾತೆ ಇದಕ್ಕೆ ಸಾಕು. ಇದರಲ್ಲಿ ಬಣ್ಣ ನೇರ ಅಕ್ಷರಕ್ಕೇ ತುಂಬುವುದರಿಂದ, ಆಮೇಲೆ ಪದ ತಿದ್ದಿದರೂ ಗ್ರೇಡಿಯೆಂಟ್ ಉಳಿಯುತ್ತದೆ.

ಹೊಸ ಫೈಲ್‌ನಲ್ಲಿ 1080 × 1080 ಪಿಕ್ಸೆಲ್ ಅಳತೆಯ ಫ್ರೇಮ್ (ಪೋಸ್ಟರಿನ ಚೌಕಟ್ಟು) ಹಾಕಿ, ಹಿನ್ನೆಲೆಗೆ ಕಪ್ಪಿಗೆ ಹತ್ತಿರದ ಬಣ್ಣ ಕೊಡಿ: ಕೆಂಪು 20, ಹಸಿರು 20, ನೀಲಿ 28. ಬಿಳಿ ಹಿನ್ನೆಲೆ ಬೇಡ. ಅದರ ಮೇಲೆ ಹಳದಿಯ ಕಾಂಟ್ರಾಸ್ಟ್ (ಹೊಳಪಿನ ವ್ಯತ್ಯಾಸ) ಸುಮಾರು 1.5:1 ಅಷ್ಟೇ; ದೊಡ್ಡ ಅಕ್ಷರಕ್ಕೂ ಕನಿಷ್ಠ 3:1 ಇರಬೇಕೆನ್ನುವುದು ವೆಬ್ ಮಾನದಂಡ. ಪದದ ಮೇಲರ್ಧ ಮಾಯವಾದರೆ ಓದುವುದು ಹೇಗೆ?

ಇನ್ನು ಟೆಕ್ಸ್ಟ್ ಟೂಲ್ ಆರಿಸಿ, ಫ್ರೇಮಿನ ಮೇಲೆ ಒಮ್ಮೆ ಮಾತ್ರ ಕ್ಲಿಕ್ ಮಾಡಿ ಟೈಪ್ ಮಾಡಿ. ಎಳೆದು ಪೆಟ್ಟಿಗೆ ಮಾಡಬೇಡಿ, ಕಾರಣ ಮುಂದಿದೆ. ಬಾಲೂ ತಮ್ಮ 2 ಫಾಂಟಿನ ಎಕ್ಸ್‌ಟ್ರಾ ಬೋಲ್ಡ್, ಅಳತೆ 150 ಇಟ್ಟು ನೋಡಿ. ತೆಳು ಗೆರೆಯ ಫಾಂಟಿನಲ್ಲಿ ಬಣ್ಣ ಹರಡಲು ಜಾಗವೇ ಇರುವುದಿಲ್ಲ. ‘ನುಡಿ’ ತಂತ್ರಾಂಶದ ಹಳೆಯ, ಯುನಿಕೋಡ್ ಅಲ್ಲದ ಫಾಂಟಿನಿಂದ ನಕಲಿಸಿದ ಪಠ್ಯ ಇಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಅದನ್ನು ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಪದ ಆಯ್ಕೆಯಲ್ಲಿರುವಾಗ ಬಲಗಡೆಯ ‘ಫಿಲ್’ ವಿಭಾಗದಲ್ಲಿ ಬಣ್ಣದ ಚೌಕ ಒತ್ತಿ, ‘ಸಾಲಿಡ್’ ಬದಲು ‘ಲೀನಿಯರ್’ ಗ್ರೇಡಿಯೆಂಟ್ ಆರಿಸಿ. ಅಕ್ಷರದ ಕೆಳಭಾಗ ಮಸುಕಾಗಿ ಮಾಯವಾದರೆ ಗಾಬರಿ ಬೇಡ, ಎರಡನೇ ಸ್ಟಾಪ್‌ನ (ಗ್ರೇಡಿಯೆಂಟ್ ಪಟ್ಟಿಯ ಮೇಲಿನ ಬಣ್ಣದ ಬಿಂದು) ಅಪಾರದರ್ಶಕತೆ ಸೊನ್ನೆಯಲ್ಲಿದೆ ಎಂದರ್ಥ, 100 ಮಾಡಿ. ಕೆಂಪು, ಹಸಿರು, ನೀಲಿ ಕ್ರಮದಲ್ಲೇ ಮೊದಲ ಸ್ಟಾಪ್‌ಗೆ 255, 205, 0, ಎರಡನೆಯದಕ್ಕೆ 230, 40, 40 ಕೊಡಿ. ನಡುವೆ ಕಿತ್ತಳೆ ತಾನಾಗಿ ಮೂಡುತ್ತದೆ.

ಎಲ್ಲ ಜೋಡಿಯೂ ಹೀಗೆ ಒಲಿಯುವುದಿಲ್ಲ. ಅಪ್ಪಟ ಹಳದಿ (255, 255, 0) ಮತ್ತು ಅಪ್ಪಟ ನೀಲಿಯ (0, 0, 255) ನಡುಬಿಂದು 128, 128, 128, ಅಂದರೆ ಬೂದಿ ಬಣ್ಣ. ಅಂಥಲ್ಲಿ ಗ್ರೇಡಿಯೆಂಟ್ ಪಟ್ಟಿಯ ಮಧ್ಯೆ ಕ್ಲಿಕ್ ಮಾಡಿ, ಹಸಿರೋ ಗುಲಾಬಿಯೋ ಮೂರನೇ ಸ್ಟಾಪ್ ಸೇರಿಸಿದರೆ ಕೊಳಕು ಹೋಗುತ್ತದೆ.

ಹೆಚ್ಚಿನವರು ಎಡವುವುದು ಇದರ ಮುಂದಿನ ಹಂತದಲ್ಲಿ. ಗ್ರೇಡಿಯೆಂಟ್ ಹರಡುವುದು ಅಕ್ಷರದ ಉದ್ದಕ್ಕಲ್ಲ, ಪಠ್ಯದ ಪೆಟ್ಟಿಗೆಯ ಉದ್ದಕ್ಕೆ. ಎಳೆದು ಮಾಡಿದ ದೊಡ್ಡ ಪೆಟ್ಟಿಗೆಯಾದರೆ ಅರ್ಧ ಬಣ್ಣ ಖಾಲಿ ಜಾಗದಲ್ಲೇ ಮುಗಿದುಹೋಗುತ್ತದೆ. ಹಾಗಾಗಿದ್ದರೆ ಪೆಟ್ಟಿಗೆಯನ್ನು ಪದದ ಅಳತೆಗೇ ತರುವ ‘ಆಟೋ ವಿಡ್ತ್’ಗೆ ಬದಲಿಸಿ. ಎರಡು ಸಾಲು ಒಂದೇ ಪೆಟ್ಟಿಗೆಯಲ್ಲಿದ್ದರೆ ಮೇಲಿನ ಸಾಲು ಹಳದಿ, ಕೆಳಗಿನದು ಕೆಂಪು. ಎರಡರಲ್ಲೂ ಪೂರ್ತಿ ಬಣ್ಣ ಬೇಕೆಂದರೆ ಸಾಲುಗಳನ್ನು ಬೇರೆ ಬೇರೆ ಪೆಟ್ಟಿಗೆಯಲ್ಲಿ ಬರೆಯಬೇಕು.

ಪೆಟ್ಟಿಗೆ ಸರಿಯಿದ್ದರೂ ಕನ್ನಡಕ್ಕೆ ಇನ್ನೊಂದು ತಿದ್ದುಪಡಿ ಬೇಕು. ಒತ್ತಕ್ಷರಕ್ಕೆಂದು ಫಾಂಟು ಕೆಳಗಡೆ ಜಾಗ ಬಿಟ್ಟಿರುತ್ತದೆ. ‘ರಾಜ್ಯೋತ್ಸವ’ದಲ್ಲಿ ಯ, ಸ ಒತ್ತುಗಳು ಆ ಜಾಗ ತುಂಬಿ ಕೆಂಪನ್ನು ಹಿಡಿಯುತ್ತವೆ. ‘ಕರುನಾಡು’ ಎಂದು ಬರೆದರೆ ಒತ್ತೇ ಇಲ್ಲ. ಕೆಂಪು ಬರುವ ಮೊದಲೇ ಅಕ್ಷರ ಮುಗಿದು ಕಿತ್ತಳೆಗೇ ನಿಂತುಬಿಡುತ್ತದೆ. ಬಣ್ಣದ ಕಿಟಕಿ ತೆರೆದಿರುವಾಗ ಪದದ ಮೇಲೆ ಎರಡು ತುದಿಗಳಿರುವ ಒಂದು ಗೆರೆ ಕಾಣುತ್ತದಲ್ಲ, ಅದರ ಕೆಳತುದಿಯನ್ನು ಅಕ್ಷರದ ಬುಡದವರೆಗೆ, ಮೇಲ್ತುದಿಯನ್ನು ತಲೆಕಟ್ಟಿನವರೆಗೆ ಎಳೆದು ನಿಲ್ಲಿಸಿ. ಈ ಅರ್ಧ ನಿಮಿಷದ ಕೆಲಸವೇ ಇಡೀ ಪೋಸ್ಟರಿನ ಜೀವ.

ಕೊನೆಗೆ ಫ್ರೇಮ್ ಆರಿಸಿ, ‘ಎಕ್ಸ್‌ಪೋರ್ಟ್’ನಲ್ಲಿ 2 ಪಟ್ಟು ಅಳತೆಯ ಪಿಎನ್‌ಜಿ ತೆಗೆಯಿರಿ, 2160 × 2160 ಸಿಗುತ್ತದೆ. ಜೆಪಿಜಿಯಲ್ಲಿ ಅಕ್ಷರದಂಚು ಕಲೆಕಲೆಯಾಗುವುದುಂಟು. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಒತ್ತಿ ಕುಗ್ಗಿಸುತ್ತದೆ, ಆದ್ದರಿಂದ ಡಾಕ್ಯುಮೆಂಟ್ ಆಗಿ ಕಳಿಸಿ. ಮುದ್ರಣಕ್ಕಾದರೆ ಪರದೆಯ ಹೊಳಪು ಶಾಯಿಯಲ್ಲಿ ಹಾಗೇ ಬರುವುದಿಲ್ಲ. ಪೂರ್ತಿ ಪ್ರತಿಗಳಿಗೆ ಮೊದಲು ಒಂದು ಮಾದರಿ ತೆಗೆಸಿ ನೋಡಿ.