ದೋಣಿ ಹತ್ತಿ ಬ್ಯಾಂಕಾಕ್ ನೋಡಿದ್ದು

ಬ್ಯಾಂಕಾಕ್‌ಗೆ ಹೋಗಿ ಬಂದವರು ತಪ್ಪದೆ ಹೇಳುವ ಎರಡು ದೂರು: ಸೆಖೆ ಮತ್ತು ಟ್ರಾಫಿಕ್. ಎರಡೂ ನಿಜವೇ. ಆದರೆ ಟ್ರಾಫಿಕ್‌ನಲ್ಲಿ ಕೂರೋಕೆ ಬೆಂಗಳೂರಿನವಳು ವಿಮಾನ ಹತ್ತಬೇಕಾ? ಹಳೇ ಊರು ನೋಡುವ ದಿನ ಟ್ಯಾಕ್ಸಿ, ಟುಕ್‌ಟುಕ್ ಎರಡೂ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ದೋಣಿ, ಮೆಟ್ರೊ, ನನ್ನ ಕಾಲು, ಇಷ್ಟೇ.

ಇದು ಬರೀ ಹಠವಲ್ಲ. ಒಂದನೇ ರಾಮ ಅನ್ನುವ ರಾಜ 1782ರಲ್ಲಿ ರಾಜಧಾನಿಯನ್ನು ಚಾವೊ ಫ್ರಾಯಾ ನದಿಯ ಪೂರ್ವ ದಡಕ್ಕೆ ತಂದ. ಆಗ ಓಡಾಟವೆಲ್ಲ ನೀರಿನ ಮೇಲೆಯೇ. ಹಾಗಾಗಿ ಅರಮನೆ, ದೊಡ್ಡ ದೇವಾಲಯಗಳು ನದಿಗೆ ಅಂಟಿಕೊಂಡೇ ಇವೆ. ರಸ್ತೆಯಲ್ಲಿ ಹೋದರೆ ಸುತ್ತು, ನೀರಿನಲ್ಲಿ ಹೋದರೆ ಸಲೀಸು.

ಬೆಳಿಗ್ಗೆ ಏಳೂವರೆಗೆ ಸಫಾನ್ ತಕ್ಸಿನ್ ಸ್ಟೇಷನ್‌ನಲ್ಲಿ ಇಳಿದೆ. ಅದರ ಕೆಳಗೇ ಸಾಥೋರ್ನ್ ದೋಣಿಕಟ್ಟೆ. ಪ್ರವಾಸಿಗರನ್ನು ನೋಡಿದ ಕೂಡಲೇ ದುಬಾರಿ ಬೋಟಿನ ಕಡೆ ಕೈ ತೋರಿಸುವವರು ಅಲ್ಲಿ ಇರುತ್ತಾರೆ. ನಮಗೆ ಬೇಕಾದ್ದು ಕಿತ್ತಳೆ ಬಾವುಟದ ಬೋಟು. ನಾನು ಹೋದಾಗ ಎಲ್ಲಿ ಇಳಿದರೂ 16 ಬಾತ್ (ಥಾಯ್ಲೆಂಡಿನ ದುಡ್ಡು). ಆಫೀಸಿಗೆ ಹೋಗುವವರು, ಶಾಲೆ ಮಕ್ಕಳು, ಜೊತೆಗೆ ಒಬ್ಬಿಬ್ಬರು ಭಿಕ್ಷುಗಳು. ಭಿಕ್ಷುಗಳಿಗೆ ಬೇರೆ ಜಾಗ ಇದೆ, ಅಲ್ಲಿ ನಿಲ್ಲಬೇಡಿ. ಹೆಂಗಸರು ಅವರಿಗೆ ತಾಗುವ ಹಾಗಿಲ್ಲ. ಕಂಡಕ್ಟರಮ್ಮ ಉದ್ದನೆಯ ತಗಡಿನ ಕೊಳವೆಯನ್ನು ಟಿಕ್‌ಟಿಕ್ ಅನ್ನಿಸುತ್ತಾ ಬರುತ್ತಾಳೆ. ಚಿಲ್ಲರೆ, ಟಿಕೆಟ್ ಎಲ್ಲ ಅದರೊಳಗೇ.

ಥಾ ಚಾಂಗ್‌ನಲ್ಲಿ ಇಳಿದು ಅರಮನೆ ಗೇಟಿಗೆ ನಡೆಯುತ್ತಿದ್ದಾಗ ಇಸ್ತ್ರಿ ಶರ್ಟಿನ ಒಬ್ಬ ಮನುಷ್ಯ ನಗುತ್ತಾ ಎದುರಾದ. "ಮೇಡಂ, ಇವತ್ತು ಅರಮನೆ ಬಂದ್. ಮಧ್ಯಾಹ್ನ ತೆಗೆಯುತ್ತಾರೆ. ಅಲ್ಲಿವರೆಗೆ ಟುಕ್‌ಟುಕ್‌ನಲ್ಲಿ ಬೇರೆ ದೇವಸ್ಥಾನ ತೋರಿಸ್ತಾರೆ." ಈ ನಾಟಕ ದಶಕಗಳಿಂದ ನಡೆಯುತ್ತಿದೆ. ಟುಕ್‌ಟುಕ್ ಹತ್ತಿದರೆ ಕೊನೆಗೆ ಇಳಿಸುವುದು ಹರಳಿನ ಅಂಗಡಿ ಮುಂದೆ. ನಾನೂ ನಕ್ಕು ಮುಂದೆ ಹೋದೆ. ಅರಮನೆ ತೆರೆದಿದೆಯೋ ಇಲ್ಲವೋ ಅನ್ನುವುದನ್ನು ಟಿಕೆಟ್ ಕೌಂಟರ್‌ನಲ್ಲೇ ತಿಳಿಯಬೇಕು, ಬೀದಿಯಲ್ಲಿ ಅಲ್ಲ.

ಬಾಗಿಲು ತೆಗೆಯುವುದು ಎಂಟೂವರೆಗೆ, ವಿದೇಶಿಯರಿಗೆ ಟಿಕೆಟ್ 500 ಬಾತ್. ಜಾಸ್ತಿ ಅನ್ನಿಸುತ್ತದೆ, ನನಗೂ ಅನ್ನಿಸಿತು. ತೋಳಿಲ್ಲದ ಬಟ್ಟೆ, ಚಡ್ಡಿ ಹಾಕಿದವರನ್ನು ಒಳಗೆ ಬಿಡುವುದಿಲ್ಲ. ನನ್ನ ಹತ್ತಿ ಚೂಡಿದಾರಕ್ಕೆ ಯಾರೂ ತಕರಾರು ಮಾಡಲಿಲ್ಲ.

ಬಂದವರೆಲ್ಲ ನೇರ ಪಚ್ಚೆ ಬುದ್ಧನ ಗುಡಿಗೆ ನುಗ್ಗುತ್ತಾರೆ. ಮೂರ್ತಿ ಚಿಕ್ಕದು, ಕೂತಿರುವುದು ತುಂಬಾ ಎತ್ತರದಲ್ಲಿ. ಬೇಸಿಗೆ, ಮಳೆಗಾಲ, ಚಳಿಗಾಲ ಅಂತ ವರ್ಷಕ್ಕೆ ಮೂರು ಸಲ ರಾಜನೇ ಅದರ ಉಡುಗೆ ಬದಲಿಸುತ್ತಾನೆ. ಒಳಗೆ ಫೋಟೊ ತೆಗೆಯುವ ಹಾಗಿಲ್ಲ. ಕಾಲು ಬುದ್ಧನ ಕಡೆ ಚಾಚದೆ ಮಡಿಸಿ ಕೂರಬೇಕು. ಹತ್ತು ನಿಮಿಷ ಕೂತು ಎದ್ದೆ.

ನಾನು ಅಷ್ಟು ದುಡ್ಡು ಕೊಟ್ಟು ಹೋಗಿದ್ದು ಸುತ್ತಲಿನ ಪಡಸಾಲೆಗೆ. ಗುಡಿಯ ಆವರಣದ ಗೋಡೆಯುದ್ದಕ್ಕೂ ರಾಮಾಯಣ ಬರೆದಿದ್ದಾರೆ, ಒಟ್ಟು 178 ಚಿತ್ರಗಳು. ಥಾಯ್ ಜನರ ರಾಮಾಯಣದ ಹೆಸರು ರಾಮಕಿಯೆನ್. ಕಥೆ ಶುರುವಾಗುವುದು ಜನಕ ನೆಲದಲ್ಲಿ ಸೀತೆಯನ್ನು ಪಡೆಯುವಲ್ಲಿಂದ. ಇಲ್ಲಿ ಸೀತೆ ರಾವಣನ ಮಗಳು. ಕುಲಕ್ಕೆ ಕೇಡು ಅಂತ ಹುಟ್ಟಿದ ಕೂಡಲೇ ನೀರಿಗೆ ಬಿಟ್ಟ ಕೂಸು. ಪಕ್ಕದಲ್ಲಿದ್ದ ಉತ್ತರ ಭಾರತದ ದಂಪತಿ ಗೈಡ್ ಬಾಯಲ್ಲಿ ಇದನ್ನು ಕೇಳಿ ಹೌಹಾರಿದರು. ನನಗೆ ಆಶ್ಚರ್ಯವಾಗಲಿಲ್ಲ. ನಮ್ಮ ಜನಪದರೂ ಸೀತೆಯನ್ನು ರಾವಣನ ಮಗಳು ಅಂತ ಹಾಡಿದ್ದಾರೆ, ಅಲ್ವಾ?

ಹನುಮಂತನದು ಮಾತ್ರ ಬೇರೆಯೇ ಕಥೆ. ಮೈ ಬಿಳಿ, ಬ್ರಹ್ಮಚರ್ಯದ ಸುದ್ದಿಯೇ ಇಲ್ಲ! ಸೇತುವೆ ಕಟ್ಟುವಾಗ ಕಲ್ಲುಗಳನ್ನು ಕದ್ದೊಯ್ಯುವ ಮತ್ಸ್ಯಕನ್ಯೆ ಸುವನ್ನಮಚ್ಚಾಳನ್ನು ಹಿಡಿಯಲು ಹೋಗಿ ಅವಳಿಗೇ ಮನಸೋಲುತ್ತಾನೆ. ಅವರ ಮಗ ಮಚ್ಛಾನು, ಕೋತಿಯ ಮೈಗೆ ಮೀನಿನ ಬಾಲ. ಇನ್ನೊಂದು ಚಿತ್ರದ ಮುಂದೆ ನಾನು ಬಹಳ ಹೊತ್ತು ನಿಂತೆ. ಹನುಮಂತ ಗುಡ್ಡದಷ್ಟು ಬೆಳೆದು, ರಾಮನ ಬಿಡಾರವನ್ನೇ ಬಾಯಲ್ಲಿ ಇಟ್ಟುಕೊಂಡು ಕಾಯುತ್ತಿದ್ದಾನೆ. ರಾತ್ರಿ ರಾಮನನ್ನು ಕದಿಯಲು ಮೈಯರಾಪ್ ಬರುತ್ತಾನೆ. ಯಕ್ಷಗಾನ ನೋಡಿದವರಿಗೆ ಹೊಳೆದಿರಬೇಕು, ಇವನು ನಮ್ಮ ಮೈರಾವಣನೇ. ರಾಜಪಾತ್ರಗಳಿಗೆಲ್ಲ ಚಿನ್ನದ ರೇಕು. ಅವುಗಳ ನಡುವೆ ಮೂಲೆಗಳಲ್ಲಿ ಅಡುಗೆ ಮಾಡುವವರು, ಹರಟೆ ಹೊಡೆಯುವ ಸೈನಿಕರು. ಕಥೆಗಿಂತ ಇವರೇ ನನಗೆ ಇಷ್ಟವಾದರು.

ಒಬ್ಬಳೇ ಹೋದದ್ದರ ಲಾಭ ಇಲ್ಲೇ ಗೊತ್ತಾಗಿದ್ದು. ಮಕ್ಕಳು "ಅಮ್ಮಾ, ಪ್ಯಾಕೇಜ್ ತಗೋ, ಸುಮ್ನೆ ಒಬ್ಬಳೇ ಯಾಕೆ ಒದ್ದಾಡ್ತೀಯಾ" ಅಂದಿದ್ದರು. ಬಾವುಟ ಹಿಡಿದ ಗೈಡ್‌ಗಳ ಹಿಂದೆ ಹೋದ ಗುಂಪುಗಳು ಆ ಪಡಸಾಲೆಯನ್ನು ಐದು ನಿಮಿಷದಲ್ಲಿ ದಾಟಿದವು.

ಹನ್ನೊಂದರ ಹೊತ್ತಿಗೆ ಬಿಸಿಲು ನೆತ್ತಿಗೆ ಬಂತು. ಅಲ್ಲಿಂದ ವಾಟ್ ಫೊ ದೇವಾಲಯಕ್ಕೆ ನಡೆದೇ ಹೋಗಬಹುದು. ಈ ಹೊತ್ತಿಗೆ ಅದೇ ಸರಿಯಾದ ಜಾಗ, ನೆರಳು ಧಾರಾಳ. ಮಲಗಿದ ಬುದ್ಧನ ಉದ್ದ 46 ಮೀಟರ್. ಎಲ್ಲರೂ ಮುಖದ ಫೋಟೊ ತೆಗೆಯುತ್ತಾರೆ, ನೀವು ಪಾದ ನೋಡಿ. ಕಪ್ಪು ಅಂಗಾಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿ 108 ಮಂಗಳ ಚಿಹ್ನೆ ಬಿಡಿಸಿದ್ದಾರೆ. ಹಿಂಬದಿಯಲ್ಲಿ 108 ಕಂಚಿನ ಬಟ್ಟಲುಗಳ ಸಾಲು, ಒಂದೊಂದಕ್ಕೂ ಒಂದೊಂದು ನಾಣ್ಯ ಹಾಕುತ್ತಾ ಹೋಗಬೇಕು. ಹೊರಗೆ ಕಲ್ಲಿನ ಗುಡ್ಡೆ ಮೇಲೆ ಋಷಿಗಳ ಪುಟ್ಟ ಮೂರ್ತಿಗಳು. ಒಬ್ಬ ಕಾಲು ಎಳೆದುಕೊಂಡಿದ್ದಾನೆ, ಇನ್ನೊಬ್ಬ ಬೆನ್ನು ತಿರುಚಿದ್ದಾನೆ. ನಮ್ಮ ಪಾರ್ಕಿನ ಯೋಗ ಕ್ಲಾಸ್ ಕಲ್ಲಾದ ಹಾಗೆ! ಥಾಯ್ ಮಸಾಜ್ ಕಲಿಸುವ ಹೆಸರಾಂತ ಶಾಲೆ ಈ ದೇವಾಲಯದ್ದೇ. ಅರ್ಧ ಗಂಟೆ ಕಾಲು ಒತ್ತಿಸಿಕೊಂಡೆ. ಟಿಕೆಟ್ 300 ಬಾತ್, ಮಸಾಜ್‌ಗೆ ಬೇರೆ ದುಡ್ಡು.

ಊಟದ ವಿಷಯ ಸಸ್ಯಾಹಾರಿಗಳಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಬರೀ ತರಕಾರಿ ಅಂದರೂ ಮೀನಿನ ಸಾಸ್ ಬಿದ್ದೇ ಬೀಳುತ್ತದೆ. ಪಪ್ಪಾಯಿ ಸಲಾಡ್‌ನಲ್ಲಿ ಒಣ ಸಿಗಡಿ ಇರುತ್ತದೆ. "ಜೇ" ಅಂತ ಕೇಳಿ. ಅದು ಚೀನೀ ಮೂಲದವರ ಕಟ್ಟುನಿಟ್ಟಿನ ಆಹಾರ. ಮಾಂಸ, ಮೊಟ್ಟೆ, ಹಾಲು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಹಳದಿ ಬಾವುಟದ ಮೇಲೆ ಕೆಂಪಕ್ಷರ ಇರುತ್ತದೆ, ದೂರದಿಂದ 17 ಅಂತ ಬರೆದ ಹಾಗೆ ಕಾಣುತ್ತದೆ. ಆ ದಿನ ನನಗೆ ಬಾವುಟ ಸಿಗಲಿಲ್ಲ. ಉಪ್ಪು, ಸಕ್ಕರೆ, ಮೆಣಸಿನಪುಡಿ ಉದುರಿಸಿದ ಸೀಬೆ, ಮಾವಿನಹಣ್ಣಿನ ಜೊತೆ ತೆಂಗಿನಹಾಲಿನ ಅಂಟಕ್ಕಿ ಅನ್ನ. ಹೊಟ್ಟೆಗೆ ಸಾಕಾಯಿತು.

ಥಾ ತಿಯೆನ್ ದೋಣಿಕಟ್ಟೆಯಿಂದ 5 ಬಾತ್ ಕೊಟ್ಟು ನದಿ ದಾಟಿದರೆ ವಾಟ್ ಅರುಣ್ ದೇವಾಲಯ. ಟಿಕೆಟ್ 200 ಬಾತ್. ಗೋಪುರದ ತುಂಬ ಚೀನಾದ ಪಿಂಗಾಣಿ ಚೂರುಗಳ ಹೂವು. ಹತ್ತಿರದಿಂದ ನೋಡಿದರೆ ಒಡೆದ ತಟ್ಟೆಗಳೇ ಅಂತ ಗೊತ್ತಾಗುತ್ತದೆ. ಬಾಡಿಗೆಗೆ ಥಾಯ್ ಉಡುಪು ತೊಟ್ಟ ಹುಡುಗಿಯರ ಫೋಟೊ ಗಲಾಟೆಯಲ್ಲಿ ಗೋಪುರಕ್ಕೇ ಜಾಗ ಇರಲಿಲ್ಲ. ಮೆಟ್ಟಿಲು ಬಲು ಕಡಿದು, ಇಳಿಯುವಾಗ ಕಂಬಿ ಬಿಡಬೇಡಿ. ನನ್ನ ಮಟ್ಟಿಗೆ ಇದು ಆಚೆ ದಡದಿಂದ ನೋಡಬೇಕಾದ ಕಟ್ಟಡ.

ವಾಪಸ್ ನದಿ ದಾಟಿ ಸನಾಮ್ ಚಾಯ್‌ನಲ್ಲಿ ಮೆಟ್ರೊ ಹತ್ತಿದೆ. ಮುಂದಿನ ಸ್ಟೇಷನ್ ಸಾಮ್ ಯೋತ್. ಅಲ್ಲಿಂದ ನಡಿಗೆ. ದಾರಿಯಲ್ಲಿ ಕೆಂಪು ಬಣ್ಣದ ದೈತ್ಯ ಉಯ್ಯಾಲೆ ಕಂಬ ಸಿಗುತ್ತದೆ. ಒಂದು ಕಾಲದಲ್ಲಿ ಇಲ್ಲಿ ಬ್ರಾಹ್ಮಣ ಆಚರಣೆಯಾಗಿ ಉಯ್ಯಾಲೆ ಸೇವೆ ನಡೆಯುತ್ತಿತ್ತು, 1935ರಲ್ಲಿ ನಿಂತಿತು. ಆಮೇಲೆ ರಸ್ತೆಯುದ್ದಕ್ಕೂ ಬುದ್ಧನ ಮೂರ್ತಿ ಮಾರುವ ಅಂಗಡಿಗಳು. ಆಳೆತ್ತರದ ಬುದ್ಧರು ಪ್ಲಾಸ್ಟಿಕ್ ಸುತ್ತಿಕೊಂಡು ಫುಟ್‌ಪಾತ್‌ನಲ್ಲೇ ಕೂತಿದ್ದರು.

ವಾಟ್ ಸಾಕೆತ್‌ನ ಚಿನ್ನದ ಬೆಟ್ಟವನ್ನು ಸಂಜೆಗೇ ಇಟ್ಟುಕೊಂಡಿದ್ದೆ. ಬೆಟ್ಟ ಅನ್ನುತ್ತಾರೆ, ನಿಜವಾಗಿ ಮನುಷ್ಯರು ಮಾಡಿದ ಗುಡ್ಡ. ಮೂರನೇ ರಾಮ ಇಲ್ಲಿ ದೊಡ್ಡ ಸ್ತೂಪ ಕಟ್ಟಿಸಲು ಹೊರಟಾಗ ಮೆತ್ತನೆಯ ಮಣ್ಣು ಭಾರ ತಡೆಯದೆ ಕುಸಿಯಿತು. ಆ ರಾಶಿಯ ಮೇಲೇ ಮುಂದಿನ ರಾಜರು ಚಿಕ್ಕ ಸ್ತೂಪ ನಿಲ್ಲಿಸಿದರು. ಮುನ್ನೂರಕ್ಕೂ ಜಾಸ್ತಿ ಮೆಟ್ಟಿಲುಗಳಿದ್ದರೂ ಗುಡ್ಡ ಸುತ್ತಿಕೊಂಡು ಹೋಗುವುದರಿಂದ ಮಂಡಿಗೆ ಕಷ್ಟವಾಗಲಿಲ್ಲ. ಮೇಲೆ ಒಳ್ಳೆ ಗಾಳಿ.

ಇಳಿದರೆ ಹತ್ತಿರದಲ್ಲೇ ಫಾನ್‌ಫಾ ದೋಣಿಕಟ್ಟೆ. ಇದು ನದಿಯಲ್ಲ, ಸೇನ್ ಸೇಬ್ ಕಾಲುವೆ. ನೀರು ಕಪ್ಪು, ವಾಸನೆಯೂ ಇದೆ. ಬೋಟು ಮಾತ್ರ ಬಾಣ. ಎದುರಿನಿಂದ ಇನ್ನೊಂದು ಬೋಟು ಬಂದಾಗ ಅಂಚಿನಲ್ಲಿ ಕೂತವರು ಹಗ್ಗ ಎಳೆದು ಪ್ಲಾಸ್ಟಿಕ್ ಪರದೆ ಏರಿಸಬೇಕು. ಇಲ್ಲದಿದ್ದರೆ ಮುಖಕ್ಕೇ ನೀರು. ಎಳೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು, ಪಕ್ಕದ ಅಜ್ಜಿ ಕಣ್ಣಲ್ಲೇ ಕಲಿಸಿಕೊಟ್ಟರು. ಟಿಕೆಟ್ ಕೊಡುವವನು ಹೆಲ್ಮೆಟ್ ಹಾಕಿಕೊಂಡು ಬೋಟಿನ ಹೊರ ಅಂಚಿನ ಮೇಲೆ ಓಡಾಡುತ್ತಾನೆ, ಸೇತುವೆಗಳು ಅಷ್ಟು ತಗ್ಗು. ಹುವಾ ಚಾಂಗ್‌ನಲ್ಲಿ ಇಳಿದರೆ ಸ್ಕೈಟ್ರೇನ್, ಅಂದರೆ ಎತ್ತರದ ಹಳಿಯ ಮೆಟ್ರೊ, ಹತ್ತಿರ. ಬೋಟು ನಿಲ್ಲುವುದು ಕೆಲವೇ ಕ್ಷಣ, ಹಾಗಾಗಿ ನಿಮ್ಮ ಸ್ಟಾಪ್ ಬರುವ ಮೊದಲೇ ಎದ್ದು ಅಂಚಿನ ಹತ್ತಿರ ಬನ್ನಿ. ಶನಿವಾರ, ಭಾನುವಾರ ಇದು ಬೇಗ ನಿಲ್ಲುತ್ತದೆ. ಕೊನೆ ಬೋಟು ಎಷ್ಟಕ್ಕೆ ಅಂತ ಗುಡ್ಡ ಹತ್ತುವ ಮುಂಚೆಯೇ ಕೇಳಿಟ್ಟುಕೊಳ್ಳಿ.