ದಾರಿ ತಪ್ಪದಿರಲು ಗೋಡೆ ಎಣಿಸಿ

ಇಂಗ್ಲೆಂಡಿನ ಹೊಲಗಳ ನಡುವೆ ಗುಂಪಾಗಿ ನಡೆಯಲು ಹೊರಟವರು ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್ನನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ನಕ್ಷೆ (1:25,000) ಹಿಡಿದು, ಅದರಲ್ಲಿರುವ ತೆಳು ಕಪ್ಪು ಗೆರೆಗಳನ್ನು ಎಣಿಸುತ್ತಾ ನಡೆಯಿರಿ. ಆ ಗೆರೆಗಳೇ ಹೊಲದ ಅಂಚಿನ ಕಲ್ಲುಗೋಡೆ, ಬೇಲಿ. ನಕ್ಷೆಯಲ್ಲಿ ಹಸಿರು ಗೀಟುಗಳ ಕಾಲುದಾರಿ ಚೆನ್ನಾಗಿ ಕಾಣುತ್ತದೆ, ಆದರೆ ವಸಂತದಲ್ಲಿ ಹುಲ್ಲು ಚಿಗುರಿದ ಮೇಲೆ ನೆಲದಲ್ಲಿ ಸವೆದ ಗುರುತೇ ಇರುವುದಿಲ್ಲ. ಗೋಡೆ ಮಾತ್ರ ಅಲ್ಲೇ ಇರುತ್ತದೆ, ಅಲ್ವಾ? ‘ಮೂರನೇ ಗೋಡೆ ದಾಟಿ, ನಾಲ್ಕನೆಯದರ ಎಡಬದಿಗೆ’ ಅಂತ ಲೆಕ್ಕವಿದ್ದರೆ, ಗೋಡೆ ದಾಟುವ ಕಲ್ಲುಮೆಟ್ಟಿಲು ಎಲ್ಲಿ ಸಿಗುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ. ಸುಮ್ನೆ ಪಕ್ಕದ ಹೊಲಕ್ಕೆ ನುಗ್ಗಿ, ಮರಿ ಹಾಕಿದ ಕುರಿಗಳನ್ನು ಬೆದರಿಸುವುದೂ ತಪ್ಪುತ್ತದೆ. ನನಗೆ ಅದೇ ದೊಡ್ಡದು. ಎಣಿಸುವ ಕೆಲಸ ಒಬ್ಬರಿಗೇ ಕೊಡಿ, ಮಾತಿನ ಭರದಲ್ಲಿ ಎಲ್ಲರೂ ಮರೆಯುತ್ತಾರೆ. ಪೀಕ್ ಡಿಸ್ಟ್ರಿಕ್ಟ್ ಎಂಬ ಗುಡ್ಡಗಾಡಿನ ಸುಣ್ಣಕಲ್ಲು ಭಾಗವಾದ ವೈಟ್ ಪೀಕ್‌ನಲ್ಲಿ ಇದು ತುಂಬಾ ಚೆನ್ನಾಗಿ ನಡೆಯುತ್ತದೆ, ಅಲ್ಲಿ ಬಿಳಿ ಸುಣ್ಣಕಲ್ಲಿನ ಗೋಡೆಗಳು ದೂರಕ್ಕೇ ಎದ್ದು ಕಾಣುತ್ತವೆ. ಕಿಂಡರ್ ಸ್ಕೌಟ್‌ನಂಥ ಬಯಲು ಗುಡ್ಡದ ಮೇಲೆ ಎಣಿಸಲು ಗೋಡೆಗಳೇ ಇಲ್ಲ, ಅಲ್ಲಿ ದಿಕ್ಸೂಚಿ ಬೇಕು. ಅದೇ ಸಂಸ್ಥೆಯ ಲ್ಯಾಂಡ್‌ರೇಂಜರ್ ನಕ್ಷೆಯೂ (1:50,000) ಆಗದು, ಅದರಲ್ಲಿ ಹೊಲದ ಅಂಚು ಹಾಕಿರುವುದಿಲ್ಲ. ಹಳೇ ನಕ್ಷೆಯಾದರೆ ಕಿತ್ತುಹಾಕಿದ ಬೇಲಿಯೂ ಅದರಲ್ಲಿ ಇರಬಹುದು, ಲೆಕ್ಕ ಒಂದು ಹೆಚ್ಚಾದೀತು.