ತುಮಕೂರಿನಲ್ಲಿ ಜಾಝ್ ಹಾಡಿ ನಗಿಸಿದ್ದು: ನನ್ನ ಅನುಭವ

ಜಾಝ್, ಕಾಮಿಡಿ, ಜೊತೆಗೆ ನಾನು ಗೇ ಅನ್ನುವ ವಿಷಯ. ಈ ಮೂರನ್ನೂ ಒಂದೇ ಶೋನಲ್ಲಿ ಇಟ್ಟುಕೊಂಡು ತುಮಕೂರಿನಲ್ಲಿ ಟಿಕೆಟ್ ಮಾರೋಕೆ ಆಗಲ್ಲ, ಸುಮ್ನೆ ಬೆಂಗಳೂರಿಗೆ ಹೋಗು ಅಂತ ಹೇಳದವರಿಲ್ಲ. ಈಗ ಆಗಿದೆ. ಕಳೆದ ಶೋಗೆ 120 ಜನರ ಹತ್ತಿರ ಬಂದಿದ್ದರು. ಅರ್ಧಕ್ಕರ್ಧ ಜನ ಜಾಝ್ ಕೇಳಿದ್ದೇ ಮೊದಲ ಸಲ, ಒನ್ಸ್ ಮೋರ್ ಕೂಗಿದ್ದೂ ಅವರೇ.

ಮೊದಲು ದುಡ್ಡು ಹೋದ ಕಥೆ ಕೇಳಿ. ಕೀಬೋರ್ಡ್, ಬಾಸ್, ಡ್ರಮ್ಸ್ ಮೂವರನ್ನೂ ಬೆಂಗಳೂರಿನಿಂದ ಕರೆಸುತ್ತಿದ್ದೆ. ಪೇಮೆಂಟು, ಕಾರು, ಊಟ ಎಲ್ಲ ಸೇರಿ ಒಂದು ಶೋಗೆ 22 ಸಾವಿರ ಆಗುತ್ತಿತ್ತು, ಟಿಕೆಟ್‌ನಿಂದ ಬರುತ್ತಿದ್ದದ್ದು 6-7 ಸಾವಿರ. ಒಂದು ಹಾಲ್‌ನವರು ಪೋಸ್ಟರ್‌ನಲ್ಲಿ ‘ಗೇ’ ಅಂತ ಓದಿ ಹಿಂದಿನ ಸಂಜೆ ಬುಕಿಂಗ್ ರದ್ದು ಮಾಡಿದರು, ಅಡ್ವಾನ್ಸ್‌ನಲ್ಲಿ ಅರ್ಧ ಮಾತ್ರ ವಾಪಸ್ ಬಂತು. ಅದಕ್ಕಿಂತ ಜಾಸ್ತಿ ಬೇಜಾರಿನ ವಿಷಯ ಅಂದರೆ ಜನ ಜೋಕಿಗೆ ನಗುತ್ತಿದ್ದರು, ಹಾಡು ಶುರುವಾದ ಕೂಡಲೇ ಮೊಬೈಲ್ ತೆಗೆಯುತ್ತಿದ್ದರು.

ದಾರಿ ಸಿಕ್ಕಿದ್ದು ಕುರುಕ್ಷೇತ್ರ ನಾಟಕದಿಂದ. ನಮ್ಮ ಕಡೆ ಹಳ್ಳಿ ಹಳ್ಳಿಯಲ್ಲೂ ಆಡುತ್ತಾರಲ್ವಾ. ಪಾತ್ರಧಾರಿ ಮೊದಲು ತಾಳವಿಲ್ಲದೆ ಕಂದಪದ್ಯ ಎಳೆಯುತ್ತಾನೆ, ಆಮೇಲೆ ತಾಳದ ಹಾಡು. ಜಾಝ್‌ನವರೆಲ್ಲ ಹಾಡುತ್ತಾ ಬಂದ ಹಳೇ ಅಮೆರಿಕನ್ ಸ್ಟ್ಯಾಂಡರ್ಡ್‌ಗಳಲ್ಲಿ ಎಷ್ಟಕ್ಕೋ ಶುರುವಿಗೆ ಹೀಗೇ ಒಂದು ‘ವರ್ಸ್’ ಇತ್ತು, ಮಾತಾಡಿದ ಹಾಗೆ ಹಾಡುವುದು. ಜಾಝ್‌ನವರು ಹೆಚ್ಚಾಗಿ ಅದನ್ನು ಬಿಟ್ಟು ನೇರ ಮುಖ್ಯ ಹಾಡಿನ 32 ಬಾರ್‌ಗೆ (ಬಾರ್ ಅಂದರೆ ತಾಳದ ಒಂದು ಸುತ್ತು) ಹೋಗುತ್ತಾರೆ. ಆ ಖಾಲಿ ಜಾಗಕ್ಕೆ ನಾನು ಕನ್ನಡದ ಕಂದ ಹಾಕಿದೆ. ಕಾಮಿಡಿ ಪೂರ್ತಿ ಅದರೊಳಗೇ.

ಅಮೆರಿಕದ ಗರ್ಶ್ವಿನ್ ಅಣ್ಣತಮ್ಮಂದಿರು ಬರೆದ ‘ದ ಮ್ಯಾನ್ ಐ ಲವ್’ ನನ್ನ ಮುಖ್ಯ ಹಾಡು. 1924ರಲ್ಲಿ ಒಂದು ಸಂಗೀತ ನಾಟಕಕ್ಕೆ ಬರೆದು, ಅದರಿಂದಲೇ ತೆಗೆದುಹಾಕಿದ ಹಾಡು ಅದು. ಗಂಡಸರು ಹಾಡುವಾಗ ‘ಮ್ಯಾನ್’ ತೆಗೆದು ‘ಗರ್ಲ್’ ಮಾಡುವುದುಂಟು. ನಾನು ಮಾಡಲ್ಲ. ಅದರ ಹಿಂದಿನ ಕಂದದಲ್ಲಿ ಹೆಣ್ಣು ನೋಡುವ ಶಾಸ್ತ್ರ ಬರುತ್ತದೆ. ದೊಡ್ಡಮ್ಮ ‘ಹುಡುಗಿ ಹಾಡ್ತಾಳಾ?’ ಅಂತ ಕೇಳುತ್ತಾರೆ, ಅಷ್ಟರಲ್ಲಿ ಹುಡುಗಿಯ ಅಣ್ಣ ಕಾಫಿ ಲೋಟ ಹಿಡಿದು ಬರುತ್ತಾನೆ, ಅವನನ್ನು ನೋಡಿ ನಾನೇ ಹಾಡೋಕೆ ಶುರು ಮಾಡುತ್ತೇನೆ. ಮೊದಲ ಕಾರ್ಡ್ (ಒಟ್ಟಿಗೆ ನುಡಿಸುವ ಮೂರು-ನಾಲ್ಕು ಸ್ವರ) ಬೀಳುವುದು ಅಲ್ಲೇ, ನಗು ಇನ್ನೂ ನಿಂತಿರುವುದಿಲ್ಲ. ಎರಡನೇ ಸಾಲಿನ ಹೊತ್ತಿಗೆ ಅದೇ ಜನ ಹಾಡಿನೊಳಗೆ ಇರುತ್ತಾರೆ.

ಬ್ಯಾಂಡ್ ಬಿಟ್ಟೆ. ಈಗ ನಾಟಕದ ಹಾರ್ಮೋನಿಯಂ ಮೇಷ್ಟ್ರು, ಒಬ್ಬರು ತಬಲಾದವರು, ಅಷ್ಟೇ. ಚಾರ್ಟ್ (ಜಾಝ್‌ನವರು ಕಾರ್ಡ್‌ಗಳನ್ನು ಬರೆದಿಡುವ ಹಾಳೆ) ಬದಲು ಮೇಷ್ಟ್ರಿಗೆ ಶಂಕರಾಭರಣದ ಸ್ವರದಲ್ಲೇ ಬರೆದುಕೊಟ್ಟೆ: ರಿ ಮ ದ ಸ, ಪ ನಿ ರಿ ಮ, ಸ ಗ ಪ ನಿ. ಜಾಝ್‌ನಲ್ಲಿ ಮತ್ತೆ ಮತ್ತೆ ಬರುವ ಮೂರು ಕಾರ್ಡ್‌ಗಳ ಸಾಲು, ಟೂ-ಫೈವ್-ಒನ್, ಮುಗಿಯಿತು. ಸ್ವಿಂಗ್‌ಗೆ, ಅಂದರೆ ಜಾಝ್‌ನ ಓಲಾಡುವ ನಡೆಗೆ, ತಬಲಾದವರ ಹತ್ತಿರ ‘ತಕಿಟ’ ಹೇಳಿಸಿ, ನಡುವಿನ ‘ಕಿ’ ನುಂಗಿ ಅಂದೆ. ಒಂದೇ ಸಂಜೆಗೆ ಬಂತು! ಬ್ರಿಡ್ಜ್‌ನಲ್ಲಿ (ಹಾಡಿನ ನಡುವೆ ಧಾಟಿ ಬದಲಾಗುವ ಭಾಗ) ಮೇಷ್ಟ್ರ ಬಲಗೈ ಏನು ಮಾಡುತ್ತದೆ ಅನ್ನುವುದು ಮಾತ್ರ ನಮ್ಮಿಬ್ಬರ ನಡುವೆ ಇರಲಿ.

ತಂಬೂರಿ ಇಟ್ಟುಕೊಂಡು 12 ಬಾರ್ ಬ್ಲೂಸ್ (12 ಬಾರ್‌ಗೆ ಒಂದು ಸುತ್ತು ಮುಗಿಯುವ ಹಾಡಿನ ರೀತಿ) ಕೂಡ ಹಾಡಿ ನೋಡಿದೆ. ಮಧ್ಯಮದ ಕಾರ್ಡ್‌ವರೆಗೂ ಸೊಗಸಾಗಿರುತ್ತದೆ. ಪಂಚಮದ ಕಾರ್ಡ್ ಬಂದಾಗ ಅದರ ನಿಷಾದಕ್ಕೂ ತಂಬೂರಿಯ ಷಡ್ಜಕ್ಕೂ ಜಗಳ. ಆ ಬಾರ್‌ಗೆ ತಂತಿ ಮೇಲೆ ಕೈ ಇಟ್ಟು ತಡೆದರೆ ಸರಿಹೋಗುತ್ತದೆ.

ಈಗ ಖರ್ಚು 8 ಸಾವಿರದ ಆಸುಪಾಸು. ಮೇಷ್ಟ್ರಿಗೆ ಎರಡೂವರೆ, ತಬಲಾಗೆ ಎರಡು, ಉಳಿದದ್ದು ಹಾಲ್ ಮತ್ತು ಮೈಕ್. ಟಿಕೆಟ್ 150 ರೂಪಾಯಿ. ಕೈಗೆ 9-10 ಸಾವಿರ ಉಳಿಯುತ್ತದೆ.

ಪೋಸ್ಟರ್‌ನಿಂದ ‘ಗೇ’ ಅನ್ನುವ ಪದ ತೆಗಿ ಅಂತ ಈಗಲೂ ಹೇಳುವವರಿದ್ದಾರೆ. ತೆಗೆಯುವುದಿಲ್ಲ. ವಯಸ್ಕರ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿಯಾಗಿದೆ, ಮುಚ್ಚಿಟ್ಟುಕೊಂಡು ಈ ಹಾಡು ಹಾಡುವುದು ನನ್ನಿಂದಾಗದು. ನೀವೂ ಮಾಡುವುದಾದರೆ ಹಾಲ್‌ನವರ ಹತ್ತಿರ ಮೊದಲೇ ಬರೆಸಿಕೊಳ್ಳಿ, ವಿಷಯ ನೋಡಿ ರದ್ದು ಮಾಡಿದರೆ ಪೂರ್ತಿ ಅಡ್ವಾನ್ಸ್ ವಾಪಸ್ ಅಂತ.

ಮುಂದಿನ ಶೋ ತಿಪಟೂರಿನಲ್ಲಿ. ಅಲ್ಲಿ ಯಾರ ಹತ್ತಿರವಾದರೂ ಕಾಲು ಹಾರ್ಮೋನಿಯಂ (ಕಾಲಿನಲ್ಲಿ ತಿದಿ ಒತ್ತುವಂಥದ್ದು) ಇದ್ದರೆ ತಿಳಿಸಿ, ಮೇಷ್ಟ್ರ ಎರಡೂ ಕೈ ಬಿಡುವಾದರೆ ಎಡಗೈಗೆ ಬಾಸ್ (ಕೆಳಗಿನ ಸ್ವರಗಳು) ಕೊಡಬಹುದು. ದಿನಕ್ಕೆ 500 ರೂಪಾಯಿವರೆಗೆ ಬಾಡಿಗೆ ಕೊಡುತ್ತೇನೆ.